ಕಂಪ್ಯೂಟರ್ ಹಾಡು, ಮನೆಯ ಸ್ಟೀರಿಯೋ: ವಾಲ್ಯೂಮ್ ಯಾವ ಕಡೆ ತಿರುಗಿಸಬೇಕು?

ಲ್ಯಾಪ್‌ಟಾಪ್‌ನಲ್ಲಿರುವ ಹಾಡು ಮನೆಯ ಸ್ಟೀರಿಯೋದಲ್ಲಿ ಚೆನ್ನಾಗಿ ಕೇಳಬೇಕು. ಗುರಿ ಇಷ್ಟೇ. ಇದಕ್ಕೆಂದು ಓದಿದ್ದು, ಮಾಡಿ ನೋಡಿದ್ದು ಎಲ್ಲ ತಲೆಯಿಂದ ಜಾರುವ ಮೊದಲೇ ಬರೆದಿಡುತ್ತಿದ್ದೇನೆ. ಪ್ಲೇಯರ್ ಹಾಕಿಕೊಳ್ಳುವುದು, ಡ್ರೈವರ್ ಅಪ್‌ಡೇಟ್ ಮಾಡುವುದು ನಿಮಗೂ ಗೊತ್ತಿರುತ್ತದೆ, ಅದನ್ನು ಬಿಟ್ಟಿದ್ದೇನೆ. ವಾಲ್ಯೂಮ್ ಬಗ್ಗೆ ಮಾತ್ರ ಉದ್ದಕ್ಕೆ ಬರೆದಿದ್ದೇನೆ, ಯಾಕೆಂದರೆ ಜಾಸ್ತಿ ತಲೆ ಕೆಟ್ಟಿದ್ದು ಅಲ್ಲೇ.

ಹಾಡು ಹೋಗುವ ದಾರಿ

ಫೈಲ್, ಪ್ಲೇಯರ್, ಆಪರೇಟಿಂಗ್ ಸಿಸ್ಟಂನ ಮಿಕ್ಸರ್ (ಎಲ್ಲ ಆ್ಯಪ್‌ಗಳ ಶಬ್ದ ಬೆರೆಸುವ ಭಾಗ), ಡ್ಯಾಕ್, ಕೇಬಲ್, ಆಂಪ್ಲಿಫೈಯರ್, ಸ್ಪೀಕರ್. ಡ್ಯಾಕ್ ಅಂದರೆ ಅಂಕಿಗಳನ್ನು ವೋಲ್ಟೇಜ್ ಆಗಿ ಬದಲಿಸುವ ಭಾಗ. ಅಲ್ಲಿಯವರೆಗೆ ಹಾಡು ಬರೀ ಅಂಕಿಗಳು. ಡ್ಯಾಕ್ ದಾಟಿದ ಮೇಲೆ ಅದು ವೋಲ್ಟೇಜ್. ಈ ಗೆರೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಹೆಡ್‌ಫೋನ್ ಜ್ಯಾಕ್ ಇರುವ ಪ್ರತಿ ಲ್ಯಾಪ್‌ಟಾಪ್‌ನಲ್ಲೂ ಒಂದು ಡ್ಯಾಕ್ ಇದ್ದೇ ಇರುತ್ತದೆ. ಹೊರಗಿನ ಯುಎಸ್‌ಬಿ ಡ್ಯಾಕ್ ಅಂದರೆ ಅದೇ ಕೆಲಸವನ್ನು ಕಂಪ್ಯೂಟರ್‌ನ ಗದ್ದಲದಿಂದ ದೂರ ಕೂತು ಮಾಡುವ ಡಬ್ಬಿ.

ಆಂಪ್‌ನ ಹಿಂದೆ ಆಕ್ಸ್, ಸಿಡಿ, ಟ್ಯೂನರ್, ಟೇಪ್ ಅಂತ ಬರೆದಿರುವ ಜಾಗಗಳೆಲ್ಲ ಹೆಚ್ಚುಕಮ್ಮಿ ಒಂದೇ. ಯಾವುದಕ್ಕೆ ಚುಚ್ಚಿದರೂ ನಡೆಯುತ್ತದೆ. ಫೋನೋ ಅಂತ ಬರೆದಿರುವುದು ಮಾತ್ರ ಬೇಡ. ಅದು ಗ್ರಾಮಫೋನ್ ತಟ್ಟೆಯ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟ್‌ಗಳಿಗಾಗಿ ಇರುವುದು. ಸಿಗ್ನಲ್ಲನ್ನು ಸುಮಾರು 100 ಪಟ್ಟು ಏರಿಸುತ್ತದೆ, ಜೊತೆಗೆ ಬಾಸ್ ಎತ್ತಿ ಟ್ರೆಬಲ್ ತಗ್ಗಿಸುತ್ತದೆ. ಕಂಪ್ಯೂಟರ್ ಹಾಡು ಅಲ್ಲಿಗೆ ಹೋದರೆ ಒಡೆದ, ಮಂಕಾದ ಶಬ್ದ ಬರುತ್ತದೆ.

ಮೂರು ವಾಲ್ಯೂಮ್‌ಗಳ ಗೊಂದಲ

ಪ್ಲೇಯರ್‌ನಲ್ಲಿ ಒಂದು ಸ್ಲೈಡರ್, ಸಿಸ್ಟಂನಲ್ಲಿ ಒಂದು ಸ್ಲೈಡರ್, ಆಂಪ್ ಮೇಲೆ ಒಂದು ಗುಂಡಿ. ಯಾವುದನ್ನು ಇಳಿಸಿದರೂ ಶಬ್ದ ಕಮ್ಮಿಯಾಗುತ್ತದೆ. ಹಾಗಿದ್ದರೆ ಯಾವುದಾದರೇನು?

ಸಾಮಾನ್ಯವಾಗಿ ಸಿಗುವ ಉತ್ತರ ಇದು: ಕಂಪ್ಯೂಟರ್‌ನಲ್ಲಿ ಇಳಿಸಿದರೆ ಬಿಟ್‌ಗಳು ಕಳೆದುಹೋಗುತ್ತವೆ. ಲೆಕ್ಕ ಹೀಗೆ. ಬಿಟ್ ಅಂದರೆ ಹಾಡಿನ ಪ್ರತಿ ಅಂಕಿಯನ್ನು ಬರೆಯುವ 0 ಅಥವಾ 1ರ ಮನೆ, ಡೆಸಿಬೆಲ್ ಅಂದರೆ ಶಬ್ದದ ಮಟ್ಟದ ಅಳತೆ. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್. 16 ಬಿಟ್‌ಗೆ ಸುಮಾರು 96 ಡೆಸಿಬೆಲ್, 24 ಬಿಟ್‌ಗೆ 144. ನೀವು 40 ಡೆಸಿಬೆಲ್ ಇಳಿಸಿದರೆ ಆರೂವರೆ ಬಿಟ್‌ಗಿಂತ ಸ್ವಲ್ಪ ಜಾಸ್ತಿಯೇ ಹೋಯಿತು. 16ರಲ್ಲಿ ಉಳಿದಿದ್ದು 9 ಚಿಲ್ಲರೆ. ಕೇಳಿದರೆ ಭಯ ಆಗುತ್ತೆ, ಅಲ್ವಾ?

ಆದರೆ ಇದಕ್ಕೆ ಸುಲಭ ಪರಿಹಾರ ಇದೆ. ಸಿಸ್ಟಂ ಸೆಟ್ಟಿಂಗ್‌ನಲ್ಲಿ ಡ್ಯಾಕ್‌ಗೆ 24 ಬಿಟ್‌ನಲ್ಲಿ ಕಳಿಸುವಂತೆ ಇಡಿ. ಆಗ 16 ಬಿಟ್ ಹಾಡಿನ ಕೆಳಗೆ 8 ಬಿಟ್ ಖಾಲಿ ಜಾಗ ಸಿಗುತ್ತದೆ. 8 ಸಲ 6, ಅಂದರೆ 48 ಡೆಸಿಬೆಲ್ ಇಳಿಸುವವರೆಗೂ ಹಾಡಿನ ಬಿಟ್‌ಗಳು ಕೆಳಗೆ ಬಿದ್ದುಹೋಗುವುದಿಲ್ಲ. ಹಾಗಾದರೆ 24 ಬಿಟ್ ಇಟ್ಟು ಎಲ್ಲಿ ಬೇಕಾದರೂ ತಿರುಗಿಸಬಹುದು ಅನಿಸುತ್ತದೆ.

ನನಗೆ ಹಿಡಿತವೇ ಸಿಗದಿದ್ದ ಜಾಗ ಇದು. 24 ಬಿಟ್ ಇಟ್ಟ ಮೇಲೂ ಕಂಪ್ಯೂಟರ್‌ನಲ್ಲಿ ಇಳಿಸಿ ಆಂಪ್‌ನಲ್ಲಿ ಏರಿಸಿದರೆ 'ಸ್ಸ್' ಅನ್ನುವ ಶಬ್ದ ಕೇಳುತ್ತಲೇ ಇತ್ತು. ಬಿಟ್ ಕಳೆದಿಲ್ಲ ಅಂದಮೇಲೆ ಇದೆಲ್ಲಿಂದ ಬಂತು?

ಮೇಲೆ ಹೇಳಿದ ಗೆರೆಗೆ ವಾಪಸ್ ಬನ್ನಿ. ಬಿಟ್‌ಗಳ ಲೆಕ್ಕ ಡ್ಯಾಕ್‌ವರೆಗೆ ಮಾತ್ರ. ಅದರಾಚೆ ಇರುವುದು ವೋಲ್ಟೇಜ್, ಮತ್ತು ಡ್ಯಾಕ್‌ನ ಅನಲಾಗ್ ಭಾಗ ತನ್ನದೇ ಒಂದು ಸಣ್ಣ 'ಸ್ಸ್' ಅನ್ನು ಸದಾ ಸೇರಿಸುತ್ತಿರುತ್ತದೆ. ಹಾಡು ಜೋರಿರಲಿ, ಮೆಲ್ಲಗಿರಲಿ, ಅದು ಅಷ್ಟೇ ಇರುತ್ತದೆ. ಸ್ಲೈಡರ್ ದಾಟಿದ ಮೇಲೆ ಹುಟ್ಟುವ ಗದ್ದಲವನ್ನು ಸ್ಲೈಡರ್ ಇಳಿಸಲಾರದು.

ಅಂಕಿ ಹಾಕಿದರೆ ಸ್ಪಷ್ಟ. ಡ್ಯಾಕ್ ಪೂರ್ತಿ ಮಟ್ಟದಲ್ಲಿ 2 ವೋಲ್ಟ್ ಕೊಡುತ್ತದೆ ಅಂದುಕೊಳ್ಳಿ. ಸಿಡಿ ಪ್ಲೇಯರ್‌ಗಳ ಮಾಮೂಲಿ ಮಟ್ಟವೂ ಇದೇ. ಅದರ ಗದ್ದಲ 110 ಡೆಸಿಬೆಲ್ ಕೆಳಗಿದೆ ಅಂತ ಇಟ್ಟುಕೊಂಡರೆ, ಅದು ಸುಮಾರು 6 ಮೈಕ್ರೋವೋಲ್ಟ್. ಈಗ ಸ್ಲೈಡರನ್ನು 40 ಡೆಸಿಬೆಲ್ ಇಳಿಸಿ. ವೋಲ್ಟೇಜ್ 100 ಪಟ್ಟು ಕಮ್ಮಿಯಾಗುತ್ತದೆ, ಹಾಡು 20 ಮಿಲಿವೋಲ್ಟ್‌ಗೆ ಇಳಿಯಿತು. ಗದ್ದಲ ಮಾತ್ರ ಅದೇ 6 ಮೈಕ್ರೋವೋಲ್ಟ್. ಎರಡರ ನಡುವಿನ ಅಂತರ 110ರಿಂದ 70ಕ್ಕೆ ಬಂತು. ಶಬ್ದ ಸಾಲದು ಅಂತ ಆಂಪ್ ಗುಂಡಿ ಏರಿಸಿದರೆ ಹಾಡೂ ಏರುತ್ತದೆ, ಗದ್ದಲವೂ ಏರುತ್ತದೆ. 70 ಮತ್ತೆ 110 ಆಗುವುದಿಲ್ಲ.

ಅದೇ ಕಂಪ್ಯೂಟರ್ ಪೂರ್ತಿ ಇಟ್ಟು ಆಂಪ್ ಗುಂಡಿ ಇಳಿಸಿದರೆ? ಹಾಡೂ ಡ್ಯಾಕ್‌ನ ಗದ್ದಲವೂ ಒಟ್ಟಿಗೆ ಇಳಿಯುತ್ತವೆ. ಅಂತರ ಹಾಗೇ ಉಳಿಯುತ್ತದೆ. ಕೇಬಲ್‌ನಲ್ಲಿ ಸೇರುವ ಗದ್ದಲಕ್ಕೂ ಇದೇ ಮಾತು. ಬಿಟ್ ಕಥೆಗಿಂತ ಈ ಕಾರಣವೇ ದೊಡ್ಡದು. ಎಲ್ಲರೂ ಬಿಟ್ ಬಿಟ್ ಅಂತ ಯಾಕೆ ಹೇಳುತ್ತಾರೋ.

ಅಂದರೆ ಕಂಪ್ಯೂಟರ್‌ನಲ್ಲಿ ಯಾವಾಗಲೂ 100 ಇಡಬೇಕಾ? ಇಲ್ಲ. ಬಹಳಷ್ಟು ಆಂಪ್‌ಗಳಿಗೆ ಪೂರ್ತಿ ಶಕ್ತಿಗೆ ಏರಲು ಕೆಲವು ನೂರು ಮಿಲಿವೋಲ್ಟ್ ಸಾಕು. 2 ವೋಲ್ಟ್ ಕೊಟ್ಟರೆ ಗುಂಡಿ ಸ್ವಲ್ಪ ಅಲುಗಿದರೂ ಗೋಡೆ ನಡುಗುತ್ತದೆ. ರಾತ್ರಿ ಮೆಲ್ಲಗೆ ಕೇಳಲು ಗುಂಡಿಯನ್ನು ತೀರಾ ಕೆಳಗೆ ಇಡಬೇಕಾಗುತ್ತದೆ. ಆ ತುದಿಯಲ್ಲಿ ಮಾಮೂಲಿ ಗುಂಡಿಗಳ ಎಡ ಬಲ ಸರಿಯಾಗಿ ಹೊಂದುವುದಿಲ್ಲ. ಹಾಡುವವರು ಒಂದು ಪಕ್ಕಕ್ಕೆ ಸರಿದಂತೆ ಕೇಳುತ್ತದೆ. ಅದಕ್ಕೆ ನಾನು ಇಟ್ಟುಕೊಂಡಿರುವ ಅಳತೆ: ಮಾಮೂಲಿ ಕೇಳುವ ಮಟ್ಟದಲ್ಲಿ ಆಂಪ್ ಗುಂಡಿ ಗಡಿಯಾರದ 10ರಿಂದ 12 ಗಂಟೆಯ ನಡುವೆ ಇರಬೇಕು. ಅದಕ್ಕಾಗಿ ಕಂಪ್ಯೂಟರ್‌ನಲ್ಲಿ 10 ಡೆಸಿಬೆಲ್ ಇಳಿಸಬೇಕಾದರೆ ಇಳಿಸಿಬಿಡಿ. 110ರಲ್ಲಿ 10 ಹೋದರೆ ಏನೂ ಮುಳುಗುವುದಿಲ್ಲ. 40 ಹೋದರೆ ಮಾತ್ರ ಗೊತ್ತಾಗುತ್ತದೆ.

ಲ್ಯಾಪ್‌ಟಾಪ್ ಜ್ಯಾಕ್‌ನಿಂದ ನೇರ ತೆಗೆದುಕೊಳ್ಳುವವರಿಗೆ ಇನ್ನೊಂದು ಮಾತು. ಕೆಲವು ಜ್ಯಾಕ್‌ಗಳು ಪೂರ್ತಿ ಏರಿಸಿದಾಗ ಜೋರು ಜಾಗಗಳಲ್ಲಿ ಒಡೆಯುತ್ತವೆ. ಒಡಕು ನಿಲ್ಲುವವರೆಗೆ ಒಂದೊಂದೇ ಹೆಜ್ಜೆ ಇಳಿಸಿ, ಅಲ್ಲೇ ಬಿಟ್ಟುಬಿಡಿ.

ಈಗ ನನಗೆ ತುಂಬಾ ಇಷ್ಟವಾದ ಕಿರುದಾರಿ. ವಿಂಡೋಸ್‌ನಲ್ಲಿ ಸ್ಲೈಡರ್ 50 ಅಂದರೆ ಅರ್ಧ ವೋಲ್ಟೇಜ್ ಅಂತ ಅಲ್ಲ, ಆ ಅಂಕಿಯಿಂದ ಲೆಕ್ಕ ಹಾಕಲು ಆಗುವುದಿಲ್ಲ. ಹಳೆಯ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ, ನಿಮ್ಮ ಸಾಧನದ ಪ್ರಾಪರ್ಟೀಸ್‌ನಲ್ಲಿ ಲೆವೆಲ್ಸ್ ಟ್ಯಾಬ್‌ಗೆ ಹೋಗಿ, ಸ್ಲೈಡರ್ ಪಕ್ಕದ ಅಂಕಿಯ ಮೇಲೆ ಮೌಸ್‌ನ ಬಲ ಗುಂಡಿ ಒತ್ತಿ. ಶೇಕಡಾ ಬದಲು ಡೆಸಿಬೆಲ್ ಆರಿಸಲು ಬರುತ್ತದೆ. ಈಗ ಎಷ್ಟು ಇಳಿಸಿದ್ದೀರಿ ಅನ್ನುವುದು ಕಣ್ಣಿಗೇ ಕಾಣುತ್ತದೆ. ಮೇಲಿನ ಲೆಕ್ಕವೆಲ್ಲ ನನಗೆ ತಲೆಗೆ ಹೋಗಿದ್ದು ಈ ಲೆವೆಲ್ಸ್ ಟ್ಯಾಬ್‌ನ ಮುಂದೆ ಕೂತು ಆಡಿದ ಮೇಲೆ.

ಪ್ಲೇಯರ್ ಒಳಗಿನ ಸ್ಲೈಡರನ್ನು ಪೂರ್ತಿ ಇಟ್ಟು ಮರೆತುಬಿಡಿ. ಒಂದು ಹಾಡು ಜೋರು, ಇನ್ನೊಂದು ಮೆಲ್ಲಗೆ ಅಂತ ಪದೇ ಪದೇ ತಿರುಗಿಸುವ ಬದಲು ರೀಪ್ಲೇಗೇನ್ ಬಳಸಿ. ಅದು ಹಾಡುಗಳನ್ನು ಅಳೆದು, ಎಷ್ಟು ಏರಿಳಿಸಬೇಕು ಅನ್ನುವುದನ್ನು ಫೈಲ್‌ನ ಟ್ಯಾಗ್‌ನಲ್ಲಿ (ಹಾಡಿನ ವಿವರದ ಚೀಟಿ) ಬರೆದಿಡುತ್ತದೆ. ಈ ಟ್ಯಾಗ್ ಓದುವ ಪ್ಲೇಯರ್‌ಗಳಲ್ಲಿ ಹಾಡಿನ ಮೂಲ ಅಂಕಿಗಳನ್ನು ಮುಟ್ಟುವ ಅಗತ್ಯವೇ ಇರುವುದಿಲ್ಲ. ಇದರಿಂದ ಇನ್ನೊಂದು ಲಾಭ. ಜೋರಾಗಿ ರೆಕಾರ್ಡ್ ಆದ ಎಂಪಿ3 ಬಿಚ್ಚಿಕೊಂಡಾಗ ಕೆಲವು ಶಿಖರಗಳು ಪೂರ್ತಿ ಮಟ್ಟವನ್ನೂ ದಾಟುತ್ತವೆ. ಮೊದಲೇ ಕೆಲವು ಡೆಸಿಬೆಲ್ ಇಳಿದಿದ್ದರೆ ಅವು ಕತ್ತರಿಸಿಹೋಗುವುದಿಲ್ಲ.

44.1 ಮತ್ತು 48

ಸಿಡಿ 1982ರಲ್ಲಿ ಬಂದಾಗಿನಿಂದ ಸಂಗೀತ ಬಹುಪಾಲು 44.1 ಕಿಲೋಹರ್ಟ್ಸ್‌ನಲ್ಲಿದೆ, ಅಂದರೆ ಸೆಕೆಂಡಿಗೆ 44,100 ಸ್ಯಾಂಪಲ್ (ಶಬ್ದವನ್ನು ಅಳೆದಿಟ್ಟ ಅಂಕಿ). ವಿಡಿಯೋ ಲೋಕ 48ರಲ್ಲಿ. ಸಿಸ್ಟಂನ ಮಿಕ್ಸರ್ ಎಲ್ಲ ಶಬ್ದಗಳನ್ನೂ ಒಂದೇ ರೇಟ್‌ಗೆ ತಂದು ಬೆರೆಸಬೇಕು. ಅದು 48ರಲ್ಲಿದ್ದರೆ ನಿಮ್ಮ ಹಾಡಿನ ಪ್ರತಿ 147 ಸ್ಯಾಂಪಲ್‌ಗಳ ಜಾಗದಲ್ಲಿ 160 ಹೊಸ ಸ್ಯಾಂಪಲ್ ಲೆಕ್ಕ ಹಾಕಿ ಇಡಬೇಕಾಗುತ್ತದೆ. ಈ ಲೆಕ್ಕ ಚೆನ್ನಾಗಿ ಆದರೆ ಕಿವಿಗೆ ಗೊತ್ತಾಗುವುದು ಕಷ್ಟ. ಆದರೂ ಸುಮ್ನೆ ಯಾಕೆ?

ವಿಂಡೋಸ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಅನ್ನುವ ದಾರಿ ಇದೆ. ಫೂಬಾರ್2000ದಂಥ ಪ್ಲೇಯರ್ ಮಿಕ್ಸರನ್ನು ದಾಟಿ ನೇರ ಡ್ಯಾಕ್ ಜೊತೆ ಮಾತಾಡುತ್ತದೆ. ಆ ಹೊತ್ತಿನಲ್ಲಿ ಬೇರೆ ಆ್ಯಪ್‌ಗಳ ಶಬ್ದ ಆ ಡ್ಯಾಕ್‌ನಲ್ಲಿ ಬರುವುದಿಲ್ಲ. ಹಾಡಿನ ಮಧ್ಯೆ 'ಟಿಂಗ್' ಅನ್ನುವ ನೋಟಿಫಿಕೇಶನ್ ತಪ್ಪುವುದೇ ನನಗೆ ದೊಡ್ಡ ಸುಖ. ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್ ತೆರೆದು ರೇಟ್ ಆರಿಸಬಹುದು. ಲಿನಕ್ಸ್‌ನ ಪೈಪ್‌ವೈರ್ ಮಾಮೂಲಾಗಿ 48ರಲ್ಲಿ ಓಡುತ್ತದೆ. ಅದರ ಕಾನ್ಫಿಗ್‌ನಲ್ಲಿ ಒಪ್ಪಿಗೆಯ ರೇಟ್‌ಗಳ ಪಟ್ಟಿಗೆ 44100 ಸೇರಿಸಿದರೆ ಬೇಕಾದಾಗ ಬದಲಾಯಿಸಿಕೊಳ್ಳುತ್ತದೆ. 'ಆಡಿಯೋ ಎನ್‌ಹಾನ್ಸ್‌ಮೆಂಟ್' ಅಂತ ಏನಾದರೂ ಆನ್ ಇದ್ದರೆ ಮೊದಲು ಆಫ್ ಮಾಡಿ. ರೇಟ್‌ಗಿಂತ ಅದೇ ಜಾಸ್ತಿ ಕೆಡಿಸುತ್ತದೆ.

ಎರಡು ಸೆಟ್ಟಿಂಗ್ ಹೋಲಿಸುವಾಗ ಶಬ್ದದ ಮಟ್ಟ ಒಂದೇ ಇರಲಿ. ಸ್ವಲ್ಪ ಜೋರಿರುವುದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ.

ಗುಂಯ್ ಅನ್ನುವ ಶಬ್ದ

ಹಾಡು ನಿಲ್ಲಿಸಿದರೂ ದಪ್ಪಗೆ ಗುಂಯ್‌ಗುಡುತ್ತಿದ್ದರೆ ಅದು ಕರೆಂಟ್‌ನ 50 ಅಥವಾ 60 ಹರ್ಟ್ಸ್, ಅಥವಾ ಅದರ ದುಪ್ಪಟ್ಟು. ಕಂಪ್ಯೂಟರ್‌ಗೂ ಅರ್ತ್ ಇದೆ, ಆಂಪ್‌ಗೂ ಒಂದು ದಾರಿಯಲ್ಲಿ ಅರ್ತ್ ಇದೆ, ನಡುವೆ ನಿಮ್ಮ ಕೇಬಲ್. ಈ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟ್ ಹಾಡಿನ ಜೊತೆ ಸೇರಿಕೊಳ್ಳುತ್ತದೆ.

ಹುಡುಕುವುದು ಹೀಗೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಗುಂಯ್ ಹೋಯಿತಾ? ಹಾಗಾದರೆ ಚಾರ್ಜರ್ ಕಡೆಯ ದಾರಿಯೇ ಕಾರಣ. ಹೋಗದಿದ್ದರೆ ಗುಂಡಿಯನ್ನು ಸೊನ್ನೆಗೆ ಇಳಿಸಿ, ಆಂಪ್‌ನಿಂದ ಕೇಬಲ್ ಕಿತ್ತು ಕೇಳಿ. ಆಗಲೂ ಇದ್ದರೆ ಅದು ಆಂಪ್‌ನದೇ, ಕಂಪ್ಯೂಟರ್ ಪಾಪ ಏನೂ ಮಾಡಿಲ್ಲ. ಮೌಸ್ ಅಲುಗಿಸಿದಾಗ, ಪುಟ ಸರಿಸಿದಾಗ ಕಿರ್‌ಕಿರ್ ಅಂದರೆ ಅದು ಬೇರೆ ಜಾತಿ, ಕಂಪ್ಯೂಟರ್ ಒಳಗಿನ ಗದ್ದಲ. ಹೊರಗಿನ ಡ್ಯಾಕ್‌ಗೆ ದುಡ್ಡು ಹಾಕಲು ನನ್ನ ಪ್ರಕಾರ ಗಟ್ಟಿ ಕಾರಣ ಇದೊಂದೇ.

ಎರಡನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕಿದರೆ ಎಷ್ಟೋ ಸಲ ಗುಂಯ್ ಕಮ್ಮಿಯಾಗುತ್ತದೆ. ಆಗದಿದ್ದರೆ ಕೇಬಲ್ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಆಪ್ಟಿಕಲ್ ಜ್ಯಾಕ್ ಇದ್ದರೆ ಅದೇ ಒಳ್ಳೆಯದು. ತೋಶಿಬಾ 1983ರಲ್ಲಿ ತಂದ ಟಾಸ್‌ಲಿಂಕ್ ಅದು. ಅದರಲ್ಲಿ ಹೋಗುವುದು ಬೆಳಕು, ಹಾಗಾಗಿ ಕರೆಂಟ್ ಸುತ್ತು ಅಲ್ಲೇ ಕಡಿಯುತ್ತದೆ. ಪ್ಲಗ್‌ನ ಅರ್ತ್ ಪಿನ್ ಕಿತ್ತುಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಗುಂಯ್ ಹೋಗಬಹುದು, ಆದರೆ ಒಳಗೆ ಏನಾದರೂ ಕೆಟ್ಟ ದಿನ ಡಬ್ಬಿ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ.

ಉಳಿದಿದ್ದು

ಫೈಲ್ ಫ್ಲ್ಯಾಕ್ (ಏನೂ ಕಳೆಯದೆ ಕುಗ್ಗಿಸುವ ಬಗೆ) ಆದರೆ ಒಳ್ಳೆಯದು, ಸಿಡಿಯಲ್ಲಿದ್ದದ್ದು ಒಂದು ಬಿಟ್ಟೂ ಬಿಡದೆ ಸಿಗುತ್ತದೆ. ಎಂಪಿ3 ಇದ್ದದ್ದನ್ನು ಫ್ಲ್ಯಾಕ್ ಮಾಡುವುದು ಮಸುಕು ಫೋಟೋವನ್ನು ದೊಡ್ಡ ಫ್ರೇಮಿಗೆ ಹಾಕಿದ ಹಾಗೆ.

ಸ್ಪೀಕರ್‌ಗಳು ಮತ್ತು ನೀವು ಕೂರುವ ಜಾಗ ಸಮಬಾಹು ತ್ರಿಕೋನ ಆಗಲಿ, ಟ್ವೀಟರ್ (ಸ್ಪೀಕರ್‌ನಲ್ಲಿ ಟ್ರೆಬಲ್ ನುಡಿಸುವ ಸಣ್ಣ ಭಾಗ) ಕಿವಿಯ ಎತ್ತರದಲ್ಲಿರಲಿ. ಗೋಡೆಗೆ ಒತ್ತಿದರೆ ಬಾಸ್ ಊದಿಕೊಳ್ಳುತ್ತದೆ. ಹಿಂದಿನ ಪ್ಲಸ್ ಮೈನಸ್ ತಂತಿಗಳನ್ನೂ ಒಮ್ಮೆ ನೋಡಿ. ಪ್ಲೇಯರನ್ನು ಮೋನೋಗೆ (ಎರಡೂ ಕಡೆ ಒಂದೇ ಶಬ್ದ) ಹಾಕಿ ಒಬ್ಬರೇ ಮಾತಾಡುವ ಯಾವುದಾದರೂ ರೆಕಾರ್ಡಿಂಗ್ ಹಚ್ಚಿ. ದನಿ ಎರಡೂ ಸ್ಪೀಕರ್‌ಗಳ ನಟ್ಟನಡುವೆ ಗಟ್ಟಿಯಾಗಿ ನಿಂತರೆ ಸರಿ. ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದೆ ತೆಳ್ಳಗೆ ಹರಡಿಕೊಂಡರೆ ಒಂದು ಸ್ಪೀಕರ್‌ನ ತಂತಿ ತಿರುವುಮುರುವಾಗಿದೆ. ಆಂಪ್ ಆಫ್ ಮಾಡಿ, ಆ ಒಂದೇ ಸ್ಪೀಕರ್‌ನ ಎರಡು ತಂತಿಗಳನ್ನು ಅದಲುಬದಲು ಮಾಡಿ, ಮತ್ತೆ ಕೇಳಿ.