ಒಂದೇ ಸ್ಕೋರು, ಕೇಳುವವರು ಹಲವರು

ಐಇಎಲ್‌ಟಿಎಸ್, ಟೋಫೆಲ್, ಪಿಟಿಇ, ಒಇಟಿ, ಡುಯೊಲಿಂಗೊ, ಕೇಂಬ್ರಿಡ್ಜ್‌ನ ಸಿ1, ಸಿ2. ಇವೆಲ್ಲ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಪರೀಕ್ಷೆಗಳು. ಇಂಗ್ಲಿಷ್ ಮಾತಾಡುವ ದೇಶಕ್ಕೆ ಓದಲು ಅಥವಾ ಕೆಲಸಕ್ಕೆ ಹೊರಟವರು ಮೊದಲು ಈ ಪಟ್ಟಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಯೂನಿವರ್ಸಿಟಿ ಒಪ್ಪಿದ್ದನ್ನು ವೀಸಾ ಕಚೇರಿ ಒಪ್ಪದೆ ಇರಬಹುದು. ವೀಸಾಕ್ಕೆ ಸಾಕಾದ ಸ್ಕೋರು ನರ್ಸಿಂಗ್ ಕೌನ್ಸಿಲ್‌ಗೆ ಸಾಲದೆ ಹೋಗಬಹುದು. ಇಷ್ಟೊಂದು ಗೋಜಲು ಹೇಗೆ ಬಂತು?

ಶುರುವಿನಲ್ಲಿ ಗೋಜಲೇನೂ ಇರಲಿಲ್ಲ. 1913ರಲ್ಲಿ ಕೇಂಬ್ರಿಡ್ಜ್ ಯೂನಿವರ್ಸಿಟಿ ‘ಪ್ರೊಫಿಷಿಯನ್ಸಿ’ ಪರೀಕ್ಷೆ ಆರಂಭಿಸಿತು. ಪರದೇಶಗಳಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಿಗೆಂದು ಮಾಡಿದ್ದು. ವ್ಯಾಕರಣ, ಅನುವಾದ, ಪ್ರಬಂಧ, ಸಾಹಿತ್ಯ, ಉಚ್ಚಾರಣೆ ಎಲ್ಲ ಸೇರಿ ಸುಮಾರು 12 ಗಂಟೆ. ಮೊದಲ ಸಲ ಕೂತವರು ಮೂವರು. ಮೂವರೂ ಫೇಲ್! ಆದರೆ ಅದರಿಂದ ಯಾರ ವೀಸಾವೂ ತಪ್ಪಲಿಲ್ಲ.

1964ರಲ್ಲಿ ಟೋಫೆಲ್ ಬಂತು. ಅಮೆರಿಕದ ಕಾಲೇಜುಗಳಿಗೆ ಹೊರದೇಶದ ವಿದ್ಯಾರ್ಥಿಗಳು ಜಾಸ್ತಿ ಬರತೊಡಗಿದ್ದರು. ಎಲ್ಲರನ್ನೂ ಒಂದೇ ಅಳತೆಯಲ್ಲಿ ಬೇಗ ಅಳೆಯಬೇಕಿತ್ತು. ಹಾಗಾಗಿ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸು ಎನ್ನುವ ಪದ್ಧತಿ. ಮಾತೂ ಇಲ್ಲ, ಬರವಣಿಗೆಯೂ ಇಲ್ಲ. ಪ್ರಬಂಧದ ಪರೀಕ್ಷೆ 1986ರಲ್ಲಿ ಸೇರಿತು. ಎಲ್ಲರೂ ಮಾತಾಡಿ ತೋರಿಸಲೇಬೇಕು ಎಂದಾಗಿದ್ದು 2005ರಲ್ಲಿ, ಪರೀಕ್ಷೆ ಇಂಟರ್ನೆಟ್‌ಗೆ ಹೋದಾಗ.

ಈ ಕಥೆಯಲ್ಲಿ ನಿಂತು ನೋಡಬೇಕಾದ ಘಟ್ಟ 1980ರದ್ದು. ಬ್ರಿಟಿಷ್ ಕೌನ್ಸಿಲ್ ಮತ್ತು ಕೇಂಬ್ರಿಡ್ಜ್ ಸೇರಿ ಇಎಲ್‌ಟಿಎಸ್ ಎಂಬ ಪರೀಕ್ಷೆ ತಂದವು. ಅದರ ಹಿಂದಿನ ಯೋಚನೆ ಸರಳ. ಡಾಕ್ಟರ್‌ಗೆ ಬೇಕಾದ ಇಂಗ್ಲಿಷ್ ಬೇರೆ, ಎಂಜಿನಿಯರ್‌ಗೆ ಬೇಕಾದ ಇಂಗ್ಲಿಷ್ ಬೇರೆ. ಹಾಗಿದ್ದ ಮೇಲೆ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಯಾಕೆ? ಅದಕ್ಕೇ ವೈದ್ಯಕೀಯ, ತಂತ್ರಜ್ಞಾನ, ಸಮಾಜ ವಿಜ್ಞಾನ, ಜೀವ ವಿಜ್ಞಾನ, ಭೌತ ವಿಜ್ಞಾನ ಅಂತ ಬೇರೆ ಬೇರೆ ಪತ್ರಿಕೆ ಮಾಡಿದರು. ನೀವು ಏನು ಓದಲು ಹೊರಟಿದ್ದೀರೋ ಅದರ ಬಗ್ಗೆಯೇ ಓದಿ, ಬರೆದು ತೋರಿಸಿ ಎಂದರು.

ನಡೆಸುವುದು ಅಷ್ಟು ಸುಲಭವಾಗಿರಲಿಲ್ಲ. ಇಷ್ಟೊಂದು ಪತ್ರಿಕೆಗಳ ಕಷ್ಟ ಒಂದೇ ಮಟ್ಟದಲ್ಲಿ ಇರುವಂತೆ ನೋಡಿಕೊಳ್ಳಬೇಕು. ನಗರ ಯೋಜನೆ ಓದುವವರನ್ನು ತಂತ್ರಜ್ಞಾನಕ್ಕೆ ಹಾಕಬೇಕೋ, ಸಮಾಜ ವಿಜ್ಞಾನಕ್ಕೋ? ತಮ್ಮದೇ ವಿಷಯದ ಬರಹ ಓದಲು ಕೊಟ್ಟರೂ ಕೆಲವರಿಗೆ ಅದರಿಂದ ಲಾಭವಾಗಲಿಲ್ಲ ಎಂದು ಸಂಶೋಧನೆಗಳೂ ತೋರಿಸಿದವು. 1989ರಲ್ಲಿ ಆಸ್ಟ್ರೇಲಿಯಾದವರೂ ಜೊತೆಗೂಡಿ ಪರೀಕ್ಷೆ ಐಇಎಲ್‌ಟಿಎಸ್ ಆಯಿತು, ವಿಷಯದ ಪತ್ರಿಕೆಗಳು ಮೂರಕ್ಕೆ ಇಳಿದವು. 1995ರಲ್ಲಿ ಅವೂ ಹೋಗಿ, ಓದಲು ಹೊರಟವರಿಗೆಲ್ಲ ಒಂದೇ ‘ಅಕಾಡೆಮಿಕ್’ ಪತ್ರಿಕೆ ಉಳಿಯಿತು. ಕಾರಣಗಳು ಸುಳ್ಳಲ್ಲ. ಆದರೂ ಸಿಕ್ಕಿದ್ದೇನು? ಯಾರಿಗೂ ಅನುಕೂಲ ಆಗಬಾರದು ಅಂತ ಯಾರಿಗೂ ಸಂಬಂಧವಿಲ್ಲದ ಬರಹಗಳು. ಆ ಹಳೆಯ ಯೋಚನೆ ಇವತ್ತಿಗೂ ಉಳಿದಿರುವುದು ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಒಇಟಿಯಲ್ಲಿ. ಅಲ್ಲಿ ನರ್ಸ್ ಆಗಲಿ ಡಾಕ್ಟರ್ ಆಗಲಿ, ರೋಗಿಯ ವಿವರ ಓದಿಕೊಂಡು ಪತ್ರ ಬರೆಯಬೇಕು. ನಾಳೆ ಕೆಲಸದಲ್ಲಿ ಮಾಡುವುದೂ ಅದನ್ನೇ ಅಲ್ವಾ?

2000ದ ನಂತರ ಪರೀಕ್ಷೆಗೆ ಒಂದು ಗಿರಾಕಿ ದೊಡ್ಡದಾಯಿತು: ಸರ್ಕಾರ. 2001ರಲ್ಲಿ, ಭಾಷೆ ಎಷ್ಟು ಬರುತ್ತದೆ ಎಂದು ಹೇಳುವ, ಯುರೋಪಿನ ಎ1ರಿಂದ ಸಿ2ವರೆಗಿನ ಆರು ಮಟ್ಟಗಳು ಪ್ರಕಟವಾದವು. ಅವು ಕಲಿಕೆಗೆ ದಾರಿ ತೋರಿಸಲು ಮಾಡಿದವು. ವೀಸಾ ನಿಯಮ ಬರೆಯುವವರಿಗೂ ಅವೇ ಕೈಗೆ ಸಿಕ್ಕವು. ಭಾಷೆ ಬರುತ್ತದೋ ಎನ್ನುವುದರ ಜೊತೆಗೆ, ಕೂತು ಬರೆದದ್ದು ಇವರೇನಾ ಎನ್ನುವುದೂ ದೊಡ್ಡ ಪ್ರಶ್ನೆಯಾಯಿತು. 2014ರಲ್ಲಿ ಬ್ರಿಟನ್‌ನ ಕೆಲವು ಸೆಂಟರ್‌ಗಳಲ್ಲಿ ವೀಸಾಕ್ಕೆ ಒಪ್ಪುತ್ತಿದ್ದ ಟೋಇಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಮೋಸ ಟಿವಿಯಲ್ಲಿ ಬಯಲಾಯಿತು. ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದಾಯಿತು. ಅವರಲ್ಲಿ ಎಷ್ಟೋ ಜನ ತಾವು ಮೋಸ ಮಾಡಿಲ್ಲ ಎಂದು ಕೋರ್ಟಿಗೆ ಹೋಗಿ ಗೆದ್ದರು. ಮರುವರ್ಷ ಬ್ರಿಟನ್ ವೀಸಾಕ್ಕೆಂದೇ ಬೇರೆ ಐಇಎಲ್‌ಟಿಎಸ್ ಬಂತು. ಪ್ರಶ್ನೆಗಳ ರೀತಿ ಅದೇ, ಕಾವಲು ಮಾತ್ರ ಜಾಸ್ತಿ.

ಅವಧಿಯ ವಿಷಯವೂ ಹೀಗೇ. ಐಇಎಲ್‌ಟಿಎಸ್, ಟೋಫೆಲ್ ಸ್ಕೋರು ಸಾಮಾನ್ಯವಾಗಿ ಎರಡು ವರ್ಷಕ್ಕೆ ಹಳತಾಗುತ್ತದೆ. ಬಳಸದಿದ್ದರೆ ಭಾಷೆ ಮರೆಯುತ್ತದೆ ಎನ್ನುವುದು ಅದಕ್ಕೆ ಕೊಡುವ ಕಾರಣ. ಕೇಂಬ್ರಿಡ್ಜ್‌ನ ಸಿ1, ಸಿ2 ಸರ್ಟಿಫಿಕೇಟುಗಳಿಗೆ ಮಾತ್ರ ಕೊನೆಯ ದಿನಾಂಕವೇ ಇಲ್ಲ. ಆ ಮರೆವು ಸಿ1 ಪಾಸಾದವರಿಗೆ ಬರುವುದಿಲ್ಲವೋ ಏನೋ! 2020ರಲ್ಲಿ ಕೋವಿಡ್‌ನಿಂದ ಸೆಂಟರ್‌ಗಳು ಮುಚ್ಚಿದಾಗ, ಅಲ್ಲಿಯವರೆಗೆ ಹಿಂಜರಿಯುತ್ತಿದ್ದ ಎಷ್ಟೋ ಯೂನಿವರ್ಸಿಟಿಗಳು ಮನೆಯಲ್ಲೇ ಬರೆಯುವ ಡುಯೊಲಿಂಗೊ ಪರೀಕ್ಷೆಯನ್ನು ಒಪ್ಪಿಕೊಂಡವು.

ಐಇಎಲ್‌ಟಿಎಸ್‌ನಂಥ ಪರೀಕ್ಷೆಗಳಲ್ಲಿ ಪಾಸಿನ ಗೆರೆ ಎಲ್ಲಿ ಎಳೆಯಬೇಕು ಎನ್ನುವುದನ್ನು ಪರೀಕ್ಷೆ ನಡೆಸುವವರು ಹೇಳುವುದಿಲ್ಲ, ಸ್ಕೋರು ಕೇಳುವವರು ಹೇಳುತ್ತಾರೆ. ಬ್ರಿಟನ್‌ನ ನರ್ಸಿಂಗ್ ಕೌನ್ಸಿಲ್ ಮೊದಲು ಐಇಎಲ್‌ಟಿಎಸ್‌ನ ನಾಲ್ಕೂ ಭಾಗದಲ್ಲಿ (ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು) 9ಕ್ಕೆ 7 ಕೇಳುತ್ತಿತ್ತು. ಬರವಣಿಗೆಯಲ್ಲಿ 6.5 ಬಂದು ನಿಂತುಹೋದವರು ಬಹಳ. ನರ್ಸುಗಳ ಕೊರತೆಯ ಮಾತು ಜೋರಾಗಿದ್ದ 2018ರಲ್ಲಿ ಬರವಣಿಗೆಗೆ 6.5 ಸಾಕು ಎಂದಿತು. ಪ್ರಬಂಧ ಅದೇ, ಇಂಗ್ಲಿಷ್ ಅದೇ.