ಫೋನಿಗೆ ಸಿಗುವ ವೈ-ಫೈ ಸ್ಮಾರ್ಟ್ ಪ್ಲಗ್ಗಿಗೆ ಯಾಕೆ ಸಿಗಲ್ಲ?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಹೊಸದಾಗಿ ಫೈಬರ್ ಹಾಕಿಸಿದ್ದೇವೆ. ಫೋನು, ಟಿವಿ ಎಲ್ಲ ಚೆನ್ನಾಗಿ ಓಡುತ್ತವೆ. ಫೋನಿನಿಂದಲೇ ಆನ್-ಆಫ್ ಮಾಡುವ ಸ್ಮಾರ್ಟ್ ಪ್ಲಗ್ ಮಾತ್ರ ಎಷ್ಟು ಸಲ ಮಾಡಿದರೂ ಕನೆಕ್ಟ್ ಆಗುತ್ತಿಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಇದೆ. ವಾಪಸ್ ಕೊಟ್ಟುಬಿಡಲಾ?

ಬೇಡ, ಸ್ವಲ್ಪ ತಡೆಯಿರಿ. ಪ್ಲಗ್ ಕೆಟ್ಟಿರುವುದಕ್ಕಿಂತ ರೌಟರ್‌ನ ಒಂದು ಸೆಟ್ಟಿಂಗ್ ಅಡ್ಡ ಬಂದಿರುವುದೇ ಜಾಸ್ತಿ.

ಈಗಿನ ರೌಟರ್‌ಗಳು ಸಾಮಾನ್ಯವಾಗಿ ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ಬೇರೆ ಬೇರೆ ರೇಡಿಯೋ ತರಂಗಗಳಲ್ಲಿ, ವೈ-ಫೈ ಕೊಡುತ್ತವೆ. ಒಂದು 2.4 ಗಿಗಾಹರ್ಟ್ಜ್, ಇನ್ನೊಂದು 5. ಕಡಿಮೆ ಬೆಲೆಯ ಪ್ಲಗ್, ಬಲ್ಬುಗಳಲ್ಲಿರುವ ಚಿಪ್ಪಿಗೆ ಹೆಚ್ಚಾಗಿ 2.4 ಮಾತ್ರ ಗೊತ್ತು. ಇದನ್ನು ಕಳಪೆ ಅನ್ನಬೇಡಿ. ಬಲ್ಬ್ ಹಚ್ಚಿ ಆರಿಸೋಕೆ ಸ್ಪೀಡ್ ಯಾಕೆ ಬೇಕು? ಸಿಗ್ನಲ್ ದೂರ ಮುಟ್ಟಿದರೆ ಸಾಕು, ಗೋಡೆ ದಾಟುವುದರಲ್ಲಿ 5ಕ್ಕಿಂತ 2.4 ವಾಸಿ. ಗುಳೇದಗುಡ್ಡದಲ್ಲಿ ನಮ್ಮ ಮಾವನ ಮನೆಗೆ ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ರೌಟರ್ ಇರುವುದು ಪಡಸಾಲೆಯಲ್ಲಿ, ಅಡುಗೆಮನೆ ಹಿತ್ತಲ ಕಡೆಗೆ. ಅಲ್ಲಿ 5 ಹೆಸರಿಗೂ ಇಲ್ಲ, 2.4 ಮಾತ್ರ ಎರಡು ಗೆರೆ ತೋರಿಸುತ್ತದೆ.

ನಿಮ್ಮ ತೊಂದರೆ ಏನೆಂದರೆ, ಬಹುಶಃ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇದೆ. ಆಗ ಫೋನು ತಾನಾಗಿ 5ಕ್ಕೆ ಹೋಗಿ ಕೂರುತ್ತದೆ. ಎಷ್ಟೋ ಪ್ಲಗ್ಗುಗಳು ಮೊದಲ ಸಲ ಜೋಡಿಸುವಾಗ ಫೋನು ಗಾಳಿಯಲ್ಲಿ ಕಳಿಸುವ ಸಿಗ್ನಲ್ಲನ್ನೇ ಕೇಳಿಸಿಕೊಂಡು ನಿಮ್ಮ ವೈ-ಫೈ ಹೆಸರು, ಪಾಸ್‌ವರ್ಡ್ ತಿಳಿದುಕೊಳ್ಳುತ್ತವೆ. ಫೋನು 5ರಲ್ಲಿ ಮಾತಾಡುತ್ತಿದ್ದರೆ 2.4ರಲ್ಲಿ ಕಿವಿಗೊಟ್ಟು ಕೂತ ಪ್ಲಗ್ಗಿಗೆ ಏನು ಕೇಳಿಸೀತು, ಅಲ್ವಾ?

ಹಾಗಾಗಿ ಎರಡನ್ನೂ ಬೇರೆ ಮಾಡಿ. ರೌಟರ್ ಕೆಳಗೆ ಅಂಟಿಸಿರುವ ಚೀಟಿಯಲ್ಲಿ 192.168.1.1 ಥರದ ವಿಳಾಸ ಇರುತ್ತದೆ, ಅದನ್ನು ಬ್ರೌಸರ್‌ನಲ್ಲಿ ಹಾಕಿ ಲಾಗಿನ್ ಆಗಿ, 'ಬ್ಯಾಂಡ್ ಸ್ಟೀರಿಂಗ್' ಅಥವಾ 'ಸ್ಮಾರ್ಟ್ ಕನೆಕ್ಟ್' ಅಂತ ಇದ್ದರೆ ಆಫ್ ಮಾಡಿ, 2.4ಕ್ಕೆ ಬೇರೆ ಹೆಸರು ಕೊಡಿ. ಆ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಮನೆದೇವರ ಹೆಸರನ್ನು ಕನ್ನಡದಲ್ಲಿ ಇಡಬೇಕು ಅಂತ ನನಗೂ ಆಸೆ, ಆದರೆ ಕೆಲವು ಪ್ಲಗ್ಗುಗಳು ಅದನ್ನು ಓದುವುದಿಲ್ಲ. ಸೆಕ್ಯುರಿಟಿ, ಅಂದರೆ ವೈ-ಫೈಗೆ ಹಾಕಿರುವ ಬೀಗದ ಬಗೆ, ಬರೀ ಡಬ್ಲ್ಯುಪಿಎ3 (WPA3) ಇದ್ದರೆ ಡಬ್ಲ್ಯುಪಿಎ2ಕ್ಕೆ (WPA2) ಬದಲಿಸಿ. ಈಗ ಫೋನನ್ನು 2.4ಕ್ಕೆ ಸೇರಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಲೊಕೇಶನ್ ಆನ್ ಮಾಡಿ, ಪ್ಲಗ್ಗನ್ನು ರೌಟರ್ ಹತ್ತಿರ ತಂದು ಜೋಡಿಸಿ. ಒಮ್ಮೆ ಸೇರಿತು ಅಂದರೆ ಫೋನು ಮತ್ತೆ 5ಕ್ಕೆ ಹೋದರೂ ಏನೂ ಆಗುವುದಿಲ್ಲ.

ಆ ಹೆಸರು, ಪಾಸ್‌ವರ್ಡ್ ಒಂದು ಕಡೆ ಬರೆದಿಡಿ. ಮುಂದೆ ರೌಟರ್ ಬದಲಿಸಿದಾಗ ಹೊಸದಕ್ಕೂ ಅವನ್ನೇ ಕೊಟ್ಟರೆ ಪ್ಲಗ್ಗುಗಳು ತಾವಾಗೇ ಬಂದು ಸೇರಿಕೊಳ್ಳುತ್ತವೆ. ಇದನ್ನು ಮಾಡದೆ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. 2000 ವ್ಯಾಟಿನ ಗೀಸರ್ 9 ಆಂಪಿಯರ್ ಹತ್ತಿರ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಪ್ಲಗ್ಗೇ ಬೇಕು, 6 ಅಥವಾ 10ರದ್ದು ಹಾಕಬೇಡಿ. ನೀರಿನ ಮೋಟಾರನ್ನಂತೂ ಪ್ಲಗ್ಗಿಗೆ ನೇರ ಹಚ್ಚಲೇಬೇಡಿ. ಅದು ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಪ್ಲಗ್ಗಿನೊಳಗಿನ ಪುಟ್ಟ ಸ್ವಿಚ್ಚು (ರಿಲೇ) ಅಂಟಿಕೊಂಡರೆ ಫೋನಿನಲ್ಲಿ ಆಫ್ ಒತ್ತಿದರೂ ಮೋಟಾರ್ ನಿಲ್ಲುವುದಿಲ್ಲ. ಎಲೆಕ್ಟ್ರಿಷಿಯನ್ ಕರೆದು ಕಾಂಟ್ಯಾಕ್ಟರ್, ಅಂದರೆ ಹೆಚ್ಚು ಕರೆಂಟ್ ತಡೆಯುವ ದೊಡ್ಡ ಸ್ವಿಚ್ಚು, ಹಾಕಿಸಿ.

ಇನ್ನು ಕರೆಂಟ್ ಹೋಗಿ ಬಂದಾಗ ಪ್ಲಗ್ ಸ್ವಲ್ಪ ಹೊತ್ತು 'ಆಫ್‌ಲೈನ್' ತೋರಿಸುತ್ತದೆ. ರೌಟರ್ ಎದ್ದು ನಿಲ್ಲೋಕೆ ಎರಡು ಮೂರು ನಿಮಿಷ ಬೇಕಾಗಬಹುದು. ಆಗ ಗಾಬರಿಯಾಗಿ ಪ್ಲಗ್ಗಿನ ರಿಸೆಟ್ ಬಟನ್ ಒತ್ತಬೇಡಿ, ಒತ್ತಿದರೆ ಎಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ. ಸುಮ್ನೆ ಬಿಡಿ, ತಾನೇ ಸೇರಿಕೊಳ್ಳುತ್ತದೆ.