ಕಾವೇರಿ ಕಣಿವೆ: ನೀರು, ವಿದ್ಯುತ್, ಬೆಳೆ ಒಂದೇ ಲೆಕ್ಕಕ್ಕೆ ಬರಬೇಕು

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯತೊಡಗಿದಂದಿನಿಂದ ಕಾವೇರಿ ಕೇವಲ ಗದ್ದೆಗಳ ನದಿಯಾಗಿ ಉಳಿದಿಲ್ಲ. ಬೇಸಿಗೆಯಲ್ಲಿ ಹರಿವು ಇಳಿದರೂ ಗಣಿಗಳಿಗೆ ವಿದ್ಯುತ್ ಕಡಿಮೆಯಾಗದಂತೆ ನೋಡಿಕೊಳ್ಳುವುದು, 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಯ ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಅಷ್ಟು ಹಿಂದೆಯೇ ಒಂದಾಗಿದ್ದ ಈ ಲೆಕ್ಕ ಮುಂದೆ ಇಲಾಖೆಗಳ ನಡುವೆ ಹರಿದು ಹಂಚಿಹೋಯಿತು.

ಮೈಸೂರು-ಮದ್ರಾಸ್ ನಡುವಣ 1924ರ ಒಪ್ಪಂದ, 1990ರ ಕಾವೇರಿ ನ್ಯಾಯಮಂಡಳಿ, ಅದರ 2007ರ ಐತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು, ಎಲ್ಲದರ ಕೇಂದ್ರದಲ್ಲಿದ್ದದ್ದು ನೀರಿನ ಪಾಲು. ಐತೀರ್ಪು ಹಂಚಿದ 740 ಟಿಎಂಸಿ ಅಡಿ ನೀರು ಶೇ 50ರ ಭರವಸೆಯ ಇಳುವರಿ. ಅಂದರೆ ಸರಿಸುಮಾರು ಎರಡು ವರ್ಷಕ್ಕೊಮ್ಮೆ ಅಷ್ಟು ನೀರು ನದಿಯಲ್ಲಿ ಇರುವುದೇ ಇಲ್ಲ. ಕೊರತೆಯಾದಾಗ ಅದೇ ಅನುಪಾತದಲ್ಲಿ ಪಾಲು ತಗ್ಗಿಸಬೇಕೆಂದಿದ್ದರೂ, ರಾಜ್ಯಗಳೆಲ್ಲ ಒಪ್ಪುವ ಸಂಕಷ್ಟ ಸೂತ್ರ ಇಂದಿಗೂ ರೂಪುಗೊಂಡಿಲ್ಲ.

2023 ಇದರ ಬೆಲೆಯನ್ನು ತೋರಿಸಿತು. ಮುಂಗಾರು ಕೈಕೊಟ್ಟು, ರಾಜ್ಯದ ಜಲವಿದ್ಯುತ್ತಿನ ಮುಖ್ಯ ಮೂಲವಾದ ಶರಾವತಿಯ ಜಲಾಶಯದಲ್ಲಿ ನೀರು ಇಳಿದು ಜಲವಿದ್ಯುತ್ ಕುಗ್ಗಿದ ಹೊತ್ತಿನಲ್ಲೇ, ಒಣಗುತ್ತಿದ್ದ ಬೆಳೆ ಉಳಿಸಿಕೊಳ್ಳಲು ರೈತರು ಪಂಪ್‌ಸೆಟ್ ಓಡಿಸಲೇಬೇಕಾಗಿ ಬಂದು ಬೇಡಿಕೆ ಏರಿತು. ಬೆಂಗಳೂರಿನ ಕುಡಿಯುವ ನೀರು ಕೂಡ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಮೇಲೆತ್ತಿ ಬರುವಂಥದ್ದು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ಸೇರಿಸುವ ಯೋಜನೆ. ಅಷ್ಟನ್ನೂ ಎತ್ತಲು ವಿದ್ಯುತ್ ಬೇಕು.

ಇಂಥ ಹೆಣಿಗೆಗೆ ನೆರವಾಗಬಲ್ಲದ್ದು ಸನ್ನಿವೇಶ ಯೋಜನೆ. ಶೆಲ್ ತೈಲ ಕಂಪನಿಯಲ್ಲಿ ಪಿಯರ್ ವ್ಯಾಕ್ ತಂಡ 1970ರ ದಶಕದ ಆರಂಭದಲ್ಲಿ ಬಳಸಿದ ಈ ವಿಧಾನ, ಭವಿಷ್ಯ ಹೀಗೇ ಆಗುತ್ತದೆಂದು ಹೇಳುವ ಬದಲು, ಪರಸ್ಪರ ಬೇರೆಯಾದ ಹಲವು ಭವಿಷ್ಯಗಳನ್ನು ಮುಂದಿಟ್ಟು ಪ್ರತಿಯೊಂದಕ್ಕೂ ನಿರ್ಧಾರಗಳನ್ನು ಒರೆಹಚ್ಚುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಅದು ಹೆಸರಾಯಿತು. ನೀರು, ಇಂಧನ, ಆಹಾರವನ್ನು ಒಟ್ಟಿಗೆ ನೋಡಬೇಕೆಂಬ ವಾದಕ್ಕೆ ಜರ್ಮನಿಯ ಬಾನ್ ನಗರದಲ್ಲಿ ನಡೆದ 2011ರ ಸಮ್ಮೇಳನ ಬಲ ಕೊಟ್ಟಿತು.

ಮಂಡ್ಯದಲ್ಲಿ ಇದರ ಪ್ರಯೋಜನ ನೇರವಾದದ್ದು. ಭತ್ತದ ಒಟ್ಲು (ಸಸಿಮಡಿ) ಹಾಕಿದ ಮೇಲೆ ನಾಲೆಗೆ ನೀರಿಲ್ಲವೆಂದರೆ ನಷ್ಟವೆಲ್ಲ ರೈತನದ್ದೇ. ಜೂನ್‌ಗೆ ಮೊದಲೇ ನೀರಾವರಿ, ಇಂಧನ, ಕೃಷಿ ಇಲಾಖೆಗಳು ಒಟ್ಟಿಗೆ ಕುಳಿತು, ಮಳೆ ತಡವಾದರೆ ಯಾವ ನಾಲೆಯ ಕೊನೆಯಲ್ಲಿ ರಾಗಿ, ಎಷ್ಟು ಕಟ್ಟು ನೀರು (ಸರದಿಯಂತೆ ಬಿಟ್ಟು ಬಿಟ್ಟು ಹರಿಸುವ ನೀರು), ಪಂಪ್‌ಸೆಟ್‌ಗೆ ಎಷ್ಟು ತಾಸು ತ್ರೀ ಫೇಸ್ ವಿದ್ಯುತ್, ಬೆಳೆ ಬಿಟ್ಟವನಿಗೆ ಎಷ್ಟು ಪರಿಹಾರ ಎಂಬುದನ್ನು ಬರೆದು ಪ್ರಕಟಿಸಬೇಕು. ಸೌರ ಪಂಪ್‌ಸೆಟ್‌ಗಳು ಹೆಚ್ಚಿ ವಿದ್ಯುತ್ ಹೊರೆ ಇಳಿದರೂ ಅಂತರ್ಜಲಕ್ಕೆ ಕಡಿವಾಣವೇ ಇಲ್ಲದ ಸ್ಥಿತಿಯೂ ಹೀಗೆ ಒರೆಹಚ್ಚುವ ಸನ್ನಿವೇಶಗಳಲ್ಲಿ ಒಂದಾಗಿರಬೇಕು.